ಹಿಂದಿನ ಆಕ್ಸಲ್ ಹೌಸಿಂಗ್ ಎಷ್ಟು ಜೋತು ಬೀಳ್ಬೇಕು?

ಪ್ರಶ್ನೆ: ಸರ್, ನಂದು ಮಾರುತಿ ಜಿಮ್ನಿ ಜೀಪು, ಸಕಲೇಶಪುರದ ಕಡೆ ತೋಟ ಇದೆ. ಗಾಡಿ ಎತ್ತರ ಮಾಡೋಕೆ 2 ಇಂಚು ಲಿಫ್ಟ್ ಕಿಟ್ ಹಾಕ್ಸಿದೆ, ಅದ್ರ ಜೊತೆ ಉದ್ದದ ಶಾಕ್ (ಶಾಕ್ ಅಬ್ಸಾರ್ಬರ್) ಕೂಡ. ಈಗ ಚರಂಡಿ ದಾಟುವಾಗ ಹಿಂದಿನ ಚಕ್ರ ಕೆಳಗಿಳಿದ್ರೆ "ಟಣ್" ಅಂತ ಶಬ್ದ ಬರುತ್ತೆ. ಜಾಕ್ ಎತ್ತಿ ನೋಡಿದ್ರೆ ಎಡಗಡೆ ಸ್ಪ್ರಿಂಗು ಕೈಯಲ್ಲೇ ತಿರುಗ್ತಿದೆ! ಗ್ಯಾರೇಜ್‌ನೋರು ಚಾಸಿಗೂ (ಗಾಡಿಯ ಅಡಿ ಚೌಕಟ್ಟು) ಹೌಸಿಂಗಿಗೂ (ಹಿಂದಿನ ಎರಡು ಚಕ್ರದ ನಡುವಿನ ಆಕ್ಸಲ್ ಕವಚ) ಸರಪಳಿ ಕಟ್ಟಿಬಿಡೋಣ ಅಂತಾರೆ. ಕಟ್ಟಿಸ್ಲಾ?

ಉತ್ತರ: ಸರಪಳಿ ಬೇಡ ಮಾರಾಯ್ರೆ. ಓಡೋ ಕರುನ ಹಗ್ಗದಲ್ಲಿ ಕಟ್ಟೋದಕ್ಕೂ ಸರಪಳೀಲಿ ಕಟ್ಟೋದಕ್ಕೂ ಇರೋ ವ್ಯತ್ಯಾಸ ನಿಮಗೆ ಹೇಳ್ಕೊಡಬೇಕಾ, ಸರಪಳಿ ಒಂಚೂರೂ ಹಿಗ್ಗಲ್ಲ, ಪ್ರತಿ ಸಲ ಹೌಸಿಂಗ್ ಕೆಳಗೆ ಬಿದ್ದಾಗ ಆ ಏಟೆಲ್ಲಾ ಬ್ರಾಕೆಟ್ಟಿನ ವೆಲ್ಡಿಂಗಿಗೆ ಬೀಳುತ್ತೆ, ಆರು ತಿಂಗಳಲ್ಲಿ ಕಿತ್ಕೊಂಡು ಬರುತ್ತೆ. ಇದಕ್ಕೆ ಅಂತಾನೇ ನೈಲಾನ್, ಪಾಲಿಯೆಸ್ಟರ್ ಪಟ್ಟಿ ಬರುತ್ತೆ, ಲಿಮಿಟ್ ಸ್ಟ್ರಾಪ್ ಅಂತಾರೆ, ಮೂರ್ನಾಕು ಪದರ ಹೊಲಿದಿರ್ತಾರೆ. ಎಳೆದಾಗ ಸ್ವಲ್ಪ ಹಿಗ್ಗಿ ಆಮೇಲೆ ನಿಲ್ಲುತ್ತೆ.

ಆದ್ರೆ ಪಟ್ಟಿ ತರೋಕೆ ಮುಂಚೆ ಒಂದು ವಿಷಯ. ಜಿಮ್ನಿ ಹಿಂದೆ ಇರೋದು ರಿಜಿಡ್ ಆಕ್ಸಲ್, ಎತ್ತಿನ ಗಾಡಿ ಅಚ್ಚಿನ ಥರ ಎರಡೂ ಚಕ್ರಕ್ಕೂ ಒಂದೇ ಹೌಸಿಂಗ್. ಅದನ್ನ ಹಿಡ್ಕೊಂಡಿರೋದು ಎರಡು ಉದ್ದದ ಆರ್ಮ್, ಅಡ್ಡಕ್ಕೆ ಒಂದು ರಾಡು. ಸ್ಪ್ರಿಂಗ್ ಸುಮ್ನೆ ಮಧ್ಯೆ ಕೂತಿರುತ್ತೆ ಅಷ್ಟೆ. ಹೌಸಿಂಗ್ ಇನ್ನೂ ಕೆಳಗೆ ಹೋಗದ ಹಾಗೆ ತಡೆಯೋದು ಕೊನೆಗೆ ಶಾಕೇ. ನೀವು ಉದ್ದದ ಶಾಕ್ ಹಾಕ್ಸಿದ್ರಿ, ತಡೆ ಇನ್ನೂ ಕೆಳಗೆ ಹೋಯ್ತು, ಸ್ಪ್ರಿಂಗು ಅಷ್ಟು ಉದ್ದ ಇಲ್ಲ, ಹಾಗಾಗಿ ಸಡಿಲ ಆಗಿ ಸೀಟಿಂದ ಎದ್ದು ವಾಪಸ್ ಕೂರುವಾಗ ಟಣ್ ಅನ್ನುತ್ತೆ. ನನ್ನ ಕೇಳಿದ್ರೆ ಇದರಲ್ಲಿ ಶಬ್ದ ಚಿಕ್ಕ ತೊಂದರೆ. ದೊಡ್ಡದು ಬ್ರೇಕ್ ಹೋಸ್, ಅಂದ್ರೆ ಬ್ರೇಕ್ ಆಯಿಲ್ ಹೋಗೋ ಪೈಪು. ನನ್ನ ಹಳೇ ಗಾಡೀಲಿ ಒಂದ್ಸಲ ಹಳ್ಳ ದಾಟಿ ಮೇಲೆ ಬಂದು ಪೆಡಲ್ ಒತ್ತಿದ್ರೆ ಅರ್ಧಕ್ಕಿಂತ ಕೆಳಗೆ ಹೋಯ್ತು, ಬಗ್ಗಿ ನೋಡಿದ್ರೆ ಹಿಂದಿನ ಹೋಸ್ ಬುಡದಲ್ಲಿ ಎಳೆದು ಸೀಳಿ ಹೌಸಿಂಗ್ ಮೇಲೆಲ್ಲಾ ಬ್ರೇಕ್ ಆಯಿಲ್. ಇಳಿಜಾರಲ್ಲಿ ಆಗಿದ್ರೆ ಈ ಅಂಕಣ ಬೇರೆ ಯಾರೋ ಬರೀತಿದ್ರು.

ಅಡ್ಡ ರಾಡು ಇನ್ನೊಂದು ಕಥೆ. ಅದು ಒಂದು ಕಡೆ ಚಾಸಿಗೆ, ಇನ್ನೊಂದು ಕಡೆ ಹೌಸಿಂಗಿಗೆ. ಹೌಸಿಂಗ್ ಇಳಿದಂಗೆಲ್ಲಾ ರಾಡು ಓರೆ ಆಗಿ ಹೌಸಿಂಗನ್ನ ಪಕ್ಕಕ್ಕೆ ಎಳೆಯುತ್ತೆ. ಲೆಕ್ಕಕ್ಕೆ ರಾಡು 90 ಸೆಂ.ಮೀ. ಅಂತಿಟ್ಕೊಳ್ಳಿ, ಸಮ ಇದ್ದದ್ದು 10 ಸೆಂ.ಮೀ. ಇಳಿದ್ರೆ ಪಕ್ಕಕ್ಕೆ ಸರಿಯೋದು ಹೆಚ್ಚುಕಮ್ಮಿ 6 ಮಿ.ಮೀ., ಅದೇ 20 ಇಳಿದ್ರೆ 22 ಮಿ.ಮೀ. ದಾಟುತ್ತೆ. ಇಳಿಯೋದು ಎರಡರಷ್ಟಾದ್ರೆ ಸರಿಯೋದು ನಾಕರಷ್ಟು. ಕೊನೆಯ ಆ ಎರಡು ಇಂಚಿನ ಜೋತು ಇದೆಯಲ್ಲ, ಅದರಿಂದ ನಿಮಗೆ ಸಿಗೋದು ಕಡಿಮೆ, ಹಾಳಾಗೋದೇ ಜಾಸ್ತಿ.

ಈಗ ಅಳತೆ. ಒಂದು ಭಾನುವಾರ ಇಡೀ ಬೇಕು. ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹಿಂದೆ ಚಾಸಿ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಟ್ಟು (ಹೌಸಿಂಗ್ ಕೆಳಗಲ್ಲ, ಜಾಕ್ ನಂಬ್ಕೊಂಡು ಗಾಡಿ ಅಡಿಗೆ ಹೋಗ್ಲೇಬೇಡಿ) ಹೌಸಿಂಗನ್ನ ಟ್ರಾಲಿ ಜಾಕ್ ಮೇಲೆ ಕೂರಿಸಿ, ಶಾಕಿನ ಕೆಳಗಿನ ಬೋಲ್ಟ್ ಬಿಚ್ಚಿ. ಆಮೇಲೆ ಒಂದೊಂದು ಸೆಂ.ಮೀ. ಇಳಿಸ್ತಾ ಬನ್ನಿ, ಪಕ್ಕದಲ್ಲಿ ಒಬ್ರು ಟಾರ್ಚ್ ಹಿಡ್ಕೊಂಡು ಬ್ರೇಕ್ ಹೋಸ್, ಎಬಿಎಸ್ ವೈರು, ಬ್ರೀದರ್ ಪೈಪು (ಹೌಸಿಂಗ್ ಒಳಗಿನ ಗಾಳಿ ಆಡೋ ಪೈಪು), ಸ್ಪ್ರಿಂಗು, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಶಾಫ್ಟ್ ಬಾಗೋ ಕೀಲು) ಎಲ್ಲಾ ನೋಡ್ತಿರ್ಲಿ. ಯಾವುದು ಮೊದಲು ಬಿಗಿ ಆಗುತ್ತೋ ಅಥವಾ ಸಡಿಲ ಆಗುತ್ತೋ ಅಲ್ಲಿ ನಿಲ್ಸಿ ಚಕ್ರದ ಮಧ್ಯದಿಂದ ಮಡ್ಗಾರ್ಡ್ ಅಂಚಿನ ತನಕ ಟೇಪ್ ಹಿಡಿದು ಬರ್ಕೊಳ್ಳಿ. ಇದೇ ಕೆಲಸ ಒಂದು ಚಕ್ರ ಮೇಲೆತ್ತಿ ಇನ್ನೊಂದು ಜೋತು ಬಿಟ್ಟೂ ಮಾಡ್ಬೇಕು, ಇದನ್ನ ಸುಮಾರು ಜನ ಬಿಡ್ತಾರೆ. ಶಾಕ್ ಚಕ್ರಕ್ಕಿಂತ ಒಳಗಡೆ ಇರೋದ್ರಿಂದ ಹೌಸಿಂಗ್ ಓರೆ ಆದಾಗ ಶಾಕ್ 10 ಸೆಂ.ಮೀ. ಹಿಗ್ಗಿದ್ರೆ ಆ ಕಡೆ ಚಕ್ರ ಅದಕ್ಕಿಂತ ಜಾಸ್ತಿನೇ ಕೆಳಗೆ ಹೋಗಿರುತ್ತೆ.

ಆ ಗುರುತಿಗಿಂತ 25 ಮಿ.ಮೀ. ಮೊದಲೇ ಪಟ್ಟಿ ಬಿಗಿ ಆಗ್ಬೇಕು, ಅಲ್ಲೇ ಶಾಕ್ ಬೋಲ್ಟ್ ವಾಪಸ್ ಹಾಕಿ ನೋಡಿದ್ರೆ ಅದರ ರಾಡು ಇನ್ನೂ ಅಷ್ಟೇ ಈಚೆ ಬರೋ ಹಾಗಿರ್ಬೇಕು. ಪಟ್ಟಿ ಹಿಗ್ಗೋಕೆ ಆ ಜಾಗ. ಎರಡು ಪಟ್ಟಿ, ಶಾಕ್ ಪಕ್ಕಕ್ಕೆ ಒಂದೊಂದು, ದಪ್ಪ ಬ್ರಾಕೆಟ್ಟಿಗೆ. ತೆಳು ತಗಡಿಗೆ ವಾಶರ್ ಕೊಟ್ಟು ಬೋಲ್ಟ್ ಹೊಡೆಸ್ಬೇಡಿ. ಸೈಲೆನ್ಸರಿಗೆ, ಟೈರಿಗೆ ತಾಗದ ಹಾಗೆ ನೋಡ್ಕೊಳ್ಳಿ. ಜೋರಾಗಿ ಒಂದ್ಸಲ ಓಡಿಸಿ ಬಂದು ಮತ್ತೆ ಅಳೀರಿ, ಹೊಸ ಪಟ್ಟಿ ಸ್ವಲ್ಪ ಉದ್ದ ಆಗಿರುತ್ತೆ.

ಇಷ್ಟು ಮಾಡಿದ್ಮೇಲೆ ಚಕ್ರ ಮೊದಲಿಗಿಂತ ಬೇಗ ಗಾಳಿಗೆ ಏಳುತ್ತಲ್ಲ ಅಂತ ಕೇಳ್ತೀರಿ. ಹೌದು, ಏಳುತ್ತೆ. ಜಿಮ್ನೀಲಿ ಬ್ರೇಕ್ ಎಲ್‌ಎಸ್‌ಡಿ (ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಥರದ ಏರ್ಪಾಟು) ಇದೆ, ಗಾಳೀಲಿ ತಿರುಗೋ ಚಕ್ರನ ಬ್ರೇಕ್ ಹಿಡಿದು ಇನ್ನೊಂದಕ್ಕೆ ಎಳೆತ ಕೊಡುತ್ತೆ, ತೋಟದ ದಾರಿಗೆ ಸಾಕು.

ಪ್ರಶ್ನೆ: ನನ್ನ ಮಾರುತಿ ಜಿಪ್ಸಿ ಆಟೋಕ್ರಾಸ್‌ಗೆ (ಮಣ್ಣಿನ ಟ್ರ್ಯಾಕಿನ ರೇಸು) ರೆಡಿ ಮಾಡ್ತಿದೀನಿ. ಬ್ರೇಕ್ ಹಿಡಿದಾಗ ಹಿಂದೆ ಏಳುತ್ತೆ, ಪಟ್ಟಿ ಕಟ್ಟಿ ಪೂರ್ತಿ ತಗ್ಗಿಸ್ಬಿಡ್ಲಾ?

ಉತ್ತರ: ಬೇಡ. ಟರ್ನಿಂಗಲ್ಲಿ ಒಳಗಿನ ಚಕ್ರದ ಪಟ್ಟಿ ಬಿಗಿ ಆದ ಕ್ಷಣ ಆ ಚಕ್ರ ನೆಲ ಬಿಡುತ್ತೆ, ಹಿಂದಿನ ಭಾರ ಎಲ್ಲಾ ಹೊರಗಿನ ಒಂದೇ ಟೈರಿಗೆ, ಹಿಂಭಾಗ ಹೇಳದೆ ಕೇಳದೆ ಜಾರುತ್ತೆ. ಎಲ್‌ಎಸ್‌ಡಿ ಇಲ್ದಿದ್ರೆ ಆಕ್ಸಿಲರೇಟರ್ ಕೊಟ್ಟಿದ್ದೆಲ್ಲಾ ಎದ್ದ ಚಕ್ರಕ್ಕೇ ಹೋಗುತ್ತೆ. ಹಿಂದೆ ಏಳೋದಕ್ಕೆ ಶಾಕ್ ಬದಲಾಯ್ಸಿ. ನಿಮ್ದು ಪ್ಲೇಟ್ ಸ್ಪ್ರಿಂಗು, ಅದು ತಾನೇ ಹೌಸಿಂಗನ್ನ ಹಿಡ್ಕೊಂಡಿರುತ್ತೆ, ಆದ್ರೆ ಉದ್ದದ ಶ್ಯಾಕಲ್ (ಸ್ಪ್ರಿಂಗಿನ ತುದೀನ ಚಾಸಿಗೆ ಸೇರಿಸೋ ಕೊಂಡಿ) ಹಾಕಿದ್ರೆ ಮಾತ್ರ ಜೋತು ಬಿದ್ದಾಗ ಅದು ಉಲ್ಟಾ ಮಡಚ್ಕೊಳ್ಳುತ್ತಾ ನೋಡಿ. ಮಡಚ್ಕೊಂಡ್ರೆ ಪಟ್ಟಿ ಬೇಕು, ಅಷ್ಟಕ್ಕೆ ಮಾತ್ರ.

ಪ್ರಶ್ನೆ: ಇಂಗ್ಲೆಂಡಲ್ಲಿದೀನಿ, ಹಳೇ ಎಂಜಿಬಿ ಸ್ಪೋರ್ಟ್ಸ್ ಕಾರು ತಗೊಂಡೆ. ಹಿಂದೆ ರಬ್ಬರ್ ಪಟ್ಟಿ ಒಂದು ಹರಿದು ನೇತಾಡ್ತಿದೆ. ಕಿತ್ತು ಬಿಸಾಕಿದ್ರೆ ಆಗುತ್ತಾ?

ಉತ್ತರ: ಬಿಸಾಕ್ಬೇಡಿ ಸ್ವಾಮಿ, ಮೇಲೆ ಹೇಳಿದ ಪಟ್ಟಿ ಅದೇ, ಕಂಪನಿಯೇ ಕೊಟ್ಟಿದ್ದು. 1962ರಿಂದ 1980ರವರೆಗೆ ಬಂದ ಆ ಕಾರಿನ ಹಿಂದೆ ಇರೋದು ಲಿವರ್ ಶಾಕ್ (ಕೊಳವೆ ಥರ ಅಲ್ಲ, ತೋಳಿನಿಂದ ಕೆಲಸ ಮಾಡೋ ಶಾಕ್), ಅದನ್ನೇ ತಡೆಯಾಗಿ ಬಳಸೋ ಹಾಗಿಲ್ಲ, ಹಾಗಾಗಿ ಪಟ್ಟಿ. ಎರಡನ್ನೂ ಜೋಡಿಯಾಗೇ ಬದಲಾಯ್ಸಿ. ಬಾಡಿ ಎತ್ತಿದ್ರೆ ಹೌಸಿಂಗ್ ಭಾರ ಪಟ್ಟಿ ಮೇಲೇ ಬಂದು ಬೋಲ್ಟ್ ಬರಲ್ಲ, ಮೊದಲು ಹೌಸಿಂಗ್ ಕೆಳಗೆ ಜಾಕ್ ಕೊಟ್ಟು ಸ್ವಲ್ಪ ಎತ್ಕೊಳ್ಳಿ.