ರಕ್ತದ ಪ್ರೋಟೀನು ಮತ್ತು ಬಿಳಿ ರಕ್ತಕಣಗಳ ಅಂಟು

ಪ್ರಶ್ನೆ: ಉರಿಯೂತದಲ್ಲಿ ಬಿಳಿ ರಕ್ತಕಣಗಳು ರಕ್ತನಾಳದ ಗೋಡೆಗೆ ಅಂಟಿಕೊಳ್ಳಲು ರಕ್ತದ ಪ್ರೋಟೀನುಗಳೂ ಕಾರಣವೇ?

ಉತ್ತರ: ಹೌದು. ಉರಿಯೂತದ ಸಂಕೇತ ತಲುಪಿದ ನಾಳದ ಒಳಪದರದ ಕೋಶಗಳು ಸೆಲೆಕ್ಟಿನ್ ಅಣುಗಳನ್ನು ಹೊರಚಾಚಿ ಬಿಳಿ ಕಣಗಳ ಓಟವನ್ನು ತಗ್ಗಿಸುತ್ತವೆ. ಹೀಗೆ ಉರುಳುತ್ತ ನಿಧಾನಗೊಂಡ ಕಣಗಳನ್ನು ಅವುಗಳದೇ ಮೇಲ್ಮೈಯ ಅಂಟು ಪ್ರೋಟೀನುಗಳಾದ ಇಂಟೆಗ್ರಿನ್‌ಗಳು ಗೋಡೆಗೆ ಬಿಗಿಯುತ್ತವೆ. ರಕ್ತ ಹೆಪ್ಪುಗಟ್ಟಿಸುವುದಕ್ಕಷ್ಟೇ ಹೆಸರಾಗಿರುವ ಫೈಬ್ರಿನೊಜೆನ್ ಇಲ್ಲಿ ಸೇತುವೆಯೂ ಆಗಬಲ್ಲದು: ಅದರ ಒಂದು ಭಾಗ ಮ್ಯಾಕ್-1 ಎಂಬ ಇಂಟೆಗ್ರಿನ್ನನ್ನೂ, ಇನ್ನೊಂದು ಭಾಗ ಒಳಪದರದ ಐಕ್ಯಾಮ್-1 ಅಣುವನ್ನೂ ಹಿಡಿಯುತ್ತದೆ. ಸಾಮಾನ್ಯವಾಗಿ ಲೀಟರ್ ಪ್ಲಾಸ್ಮಾದಲ್ಲಿ 2ರಿಂದ 4 ಗ್ರಾಂ ಇರುವ ಈ ಪ್ರೋಟೀನನ್ನು ಉರಿಯೂತವಿದ್ದಾಗ ಯಕೃತ್ತು ಇನ್ನಷ್ಟು ತಯಾರಿಸುತ್ತದೆ. ಹಾಗಿದ್ದರೆ ಕಣಗಳು ಎಲ್ಲೆಂದರಲ್ಲಿ ಅಂಟಬೇಕಲ್ಲವೇ ಎಂಬ ಸಂದೇಹ ಸಹಜವೇ. ಆದರೆ ಮ್ಯಾಕ್-1 ರಕ್ತದಲ್ಲಿ ತೇಲುವ ಫೈಬ್ರಿನೊಜೆನ್‌ಗಿಂತ ಮೇಲ್ಮೈಯೊಂದರಲ್ಲಿ ನೆಲೆಗೊಂಡದ್ದನ್ನೂ ರಕ್ತ ಹೆಪ್ಪುಗಟ್ಟುವಾಗ ಅದರಿಂದಲೇ ಆಗುವ ಫೈಬ್ರಿನ್ ಎಳೆಗಳನ್ನೂ ಹೆಚ್ಚು ಗಟ್ಟಿಯಾಗಿ ಹಿಡಿಯುತ್ತದೆ.