ಪ್ರತಿಕ್ರಿಯೆ: ಓಟದ ಫೋಟೋದಲ್ಲಿ ಬ್ಲರ್ ಬೇಕು, ಮುಖ ಮಾತ್ರ ಕಲಸಬಾರದು

ಓಟದ ಬ್ಲರ್ ಹಿಡಿಯೋಣ ಅಂತ ಮಗಳ 200 ಮೀಟರ್ ಓಟವನ್ನು 1/30 ಸೆಕೆಂಡ್ ಶಟರ್ ವೇಗದಲ್ಲಿ ತೆಗೆದರೆ ಫೋಟೋ ಬೆಳ್ಳಗಾಗುತ್ತದೆ, ಮುಖವೂ ಕಲಸಿಹೋಗುತ್ತದೆ ಅಂದಿದ್ದೀರಿ. ಇವು ಎರಡು ಬೇರೆ ಬೇರೆ ತೊಂದರೆ.

ಬೆಳ್ಳಗಾಗುವುದು ಬಿಸಿಲಿನ ಲೆಕ್ಕ. ಸುಡುಬಿಸಿಲಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಎಫ್/16 (ಲೆನ್ಸ್‌ನ ತೆರಪು; ಅಂಕಿ ದೊಡ್ಡದಾದಷ್ಟೂ ತೆರಪು ಕಿರಿದು) ಇಟ್ಟರೂ ಸುಮಾರು 1/100 ಸಾಕು. 1/30ಕ್ಕೆ ಇಳಿದರೆ ಮೂರು ಪಟ್ಟು ಬೆಳಕು ಒಳಗೆ ಬರುತ್ತದೆ. ಬೆಳಕನ್ನು ಎಂಟನೇ ಒಂದು ಭಾಗಕ್ಕೆ ಇಳಿಸುವ ಎನ್‌ಡಿ8 ಫಿಲ್ಟರ್ ಹಾಕಿ, ಎಫ್/10ರ ಆಸುಪಾಸಿನಲ್ಲೇ ಕೆಲಸ ಆಗುತ್ತದೆ.

ಮುಖ ಕಲಸುವುದು ಕೈಯ ವಿಷಯ. ಟ್ರ್ಯಾಕ್‌ನ ನೇರ ಭಾಗದ ಪಕ್ಕ ನಿಲ್ಲಿ. ಮಗಳು ನಿಮ್ಮ ಮುಂದೆ ಅಡ್ಡ ಹಾಯಬೇಕು, ಎದುರಿಗೆ ಓಡಿ ಬಂದರೆ ಪ್ಯಾನಿಂಗ್ (ಓಡುವವರ ಜೊತೆಗೇ ಕ್ಯಾಮೆರಾ ತಿರುಗಿಸುತ್ತಾ ತೆಗೆಯುವುದು) ಆಗಲ್ಲ. ಪಾದ ಕದಲಿಸದೆ ಸೊಂಟದಿಂದ ಮೇಲಷ್ಟೇ ತಿರುಗಿ. ಕ್ಲಿಕ್ ಆದ ಮೇಲೂ ತಿರುಗುತ್ತಲೇ ಇರಿ. ತುಂಬಾ ಜನ ಅಲ್ಲೇ ಗಕ್ಕನೆ ನಿಂತುಬಿಡುತ್ತಾರೆ. ಕ್ಯಾನನ್ ಲೆನ್ಸ್‌ನಲ್ಲಿ ಸ್ಟೆಬಿಲೈಸರ್ (ಕೈ ಅಲುಗಾಟ ಸರಿದೂಗಿಸುವ ಸೌಲಭ್ಯ) ಮೋಡ್ 2 ಇದ್ದರೆ ಅದು ಇದಕ್ಕೇ ಇರುವುದು. ಮೊದಲು 1/125, ಕೈ ಕುದುರಿದಂತೆ 1/60, ಆಮೇಲೆ 1/30. ಕೈಕಾಲು ಹರಡಿಕೊಂಡು ಮುಖ ಮಾತ್ರ ನಿಂತರೆ ಗೆದ್ದಿರಿ.

ನನ್ನ ಕೇಳಿದರೆ ಹಿನ್ನೆಲೆಯೇ ಅರ್ಧ ಫೋಟೋ. ಬರೀ ಆಕಾಶ ಇದ್ದರೆ ಗೆರೆಯೇ ಮೂಡಲ್ಲ. ಬಣ್ಣಬಣ್ಣದ ಟೀ ಶರ್ಟ್ ಹಾಕಿ ಕೂತ ಮಕ್ಕಳ ಸಾಲು ಹಿಂದಿದ್ದರೆ ಬ್ರಷ್‌ನಲ್ಲಿ ಎಳೆದ ಹಾಗೆ ಬರುತ್ತದೆ, ಸುಮ್ನೆ ಜಾಗ ಹುಡುಕಿ ನೋಡಿ.

ಖೋ ಖೋ ಬಗ್ಗೆಯೂ ಕೇಳಿದ್ದೀರಲ್ಲ, ಅಲ್ಲಿ ಪ್ಯಾನಿಂಗ್ ಬೇಡ. ಓಡುವವರು ಯಾವಾಗ ಯಾವ ಕಡೆ ತಿರುಗುತ್ತಾರೋ ಹೇಳಕ್ಕಾಗಲ್ಲ. ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು 1/8ರಲ್ಲಿ ತೆಗೆಯಿರಿ. ಕೂತ ಎಂಟು ಜನ ಸ್ಪಷ್ಟವಾಗಿರುತ್ತಾರೆ, ಓಡುವವರಷ್ಟೇ ಕರಗುತ್ತಾರೆ. ಅದೇ ಎನ್‌ಡಿ8 ಸಾಕು, ಎಫ್/20 ಇಡಿ.