ಸಲಿಂಗ ಮದುವೆ ಕಾನೂನುಬದ್ಧ ಆದ್ರೆ ಸಾಮಾನ್ಯ ಜನರ ಜೀವನಕ್ಕೆ ಏನಾಗುತ್ತೆ?

ನಿಮ್ಮ ಪ್ರಶ್ನೆ ನೋಡಿ ಎರಡು ದಿನ ಆಯ್ತು, ಬರೀಲೋ ಬೇಡ್ವೋ ಅಂತ ಯೋಚನೆ ಮಾಡ್ತಾ ಇದ್ದೆ. ಗಂಡು ಗಂಡನ್ನ, ಹೆಣ್ಣು ಹೆಣ್ಣನ್ನ ಮದುವೆ ಆಗೋಕೆ ಕಾನೂನು ಒಪ್ಪಿಬಿಟ್ರೆ ಅದಕ್ಕೆ ಸಂಬಂಧವೇ ಇಲ್ಲದ ನಮ್ಮಂಥ ಸಾಮಾನ್ಯರ ಸಂಸಾರಕ್ಕೆ ಏನಾಗುತ್ತೆ, ಮಕ್ಕಳ ಗತಿ ಏನು ಅಂತ ಕೇಳಿದೀರ. ಆ "ಸಂಬಂಧವೇ ಇಲ್ಲದ" ಅನ್ನೋ ಮಾತಿಗೋಸ್ಕರ ಬರೀತಾ ಇದೀನಿ. ನನ್ನ ಮೊದಲ ಮದುವೆ ಮುರಿಯೋವರೆಗೂ ನಾನೂ ಹಾಗೇ ಅಂದ್ಕೊಂಡಿದ್ದೆ.

ನನ್ನ ಮೊದಲ ಗಂಡ ಗೇ. ಮದುವೆಗೆ ಎಷ್ಟೋ ವರ್ಷ ಮುಂಚೆನೇ ಅವರಿಗೆ ಗೊತ್ತಿತ್ತು, ಮನೇಲಿ ಹೇಳೋ ಧೈರ್ಯ ಇರ್ಲಿಲ್ಲ, ಹೇಳಿ ತಾನೇ ಏನು ಮಾಡೋದು, ಇನ್ನೊಬ್ಬ ಗಂಡಸಿನ ಜೊತೆ ಸಂಸಾರ ಮಾಡೋದು ಅಂದ್ರೆ ಅದಕ್ಕೊಂದು ಹೆಸರೇ ಇಲ್ಲ, ದಾರೀನೇ ಇಲ್ಲ. ಮದುವೆ ಆದ್ಮೇಲೆ ಎಲ್ಲಾ ಸರಿ ಹೋಗುತ್ತೆ ಅಂತ ಯಾರೋ ಹೇಳಿದ್ರಂತೆ, ನಂಬಿದ್ರು. ಅವರು ಸರಿ ಹೋಗಲಿ ಅಂತ ನನ್ನ ನಾಲ್ಕು ವರ್ಷ ಹೋಯ್ತು. ಕೆಟ್ಟ ಮನುಷ್ಯ ಅಲ್ಲ, ಒಂದು ದಿನಾನೂ ದನಿ ಏರಿಸಿದವರಲ್ಲ, ನಂಗೆ ಜ್ವರ ಬಂದ್ರೆ ರಾತ್ರಿಯೆಲ್ಲಾ ಪಕ್ಕದಲ್ಲಿ ಕೂತಿರ್ತಿದ್ರು. ಆದ್ರೆ ನಾನು ಆ ನಾಲ್ಕು ವರ್ಷ ಕನ್ನಡಿ ಮುಂದೆ ನಿಂತು ನನ್ನಲ್ಲಿ ಏನು ಕಡಿಮೆ ಆಗಿದೆ ಅಂತ ಹುಡುಕಿದೀನಿ, ಊಟ ಬಿಟ್ಟು ತೂಕ ಇಳಿಸಿದೀನಿ, ಮಗು ಯಾವಾಗ ಅಂದವರ ಮುಂದೆಲ್ಲಾ ತಪ್ಪು ನಂದೇ ಅನ್ನೋ ಥರ ತಲೆ ತಗ್ಗಿಸಿದೀನಿ. ಒಂದು ರಾತ್ರಿ ಲೈಟ್ ಆರಿಸಿದ ಮೇಲೆ, ಮುಖ ಕಾಣ್ಬಾರ್ದು ಅಂತಾನೇ ಇರಬೇಕು, ಅವರು ಹೇಳಿದ್ರು. ಆವತ್ತು ಬಂದ ಸಿಟ್ಟಿಗಿಂತ ಮೊದಲು ನಂಗೆ ಆಗಿದ್ದು ಸಮಾಧಾನ. ಕೊರತೆ ನಂದಲ್ಲ ಅಂತ ಗೊತ್ತಾಯ್ತಲ್ಲ, ಅದಕ್ಕೆ.

ಅದಕ್ಕೇ ಹೇಳೋದು, ಈ ಕಾನೂನು ಇದ್ದಿದ್ರೆ ಬದಲಾಗ್ತಾ ಇದ್ದ ಮೊದಲ ಬದುಕುಗಳಲ್ಲಿ ನಂದೂ ಒಂದು. ಗಂಡಸರನ್ನ ಇಷ್ಟಪಡೋ ಹುಡುಗನಿಗೆ, ಹೆಂಗಸರನ್ನ ಇಷ್ಟಪಡೋ ಹುಡುಗಿಗೆ ಮರ್ಯಾದೆಯಾಗಿ ಬದುಕೋ ದಾರಿ ಮುಚ್ಚಿದ್ರೆ ಅವರು ಸನ್ಯಾಸಿಗಳಾಗಲ್ಲ, ಎಷ್ಟೋ ಜನ ನಿಮ್ಮ ಮನೆ ಮಗಳನ್ನೋ ಮಗನನ್ನೋ ಮದುವೆ ಆಗ್ತಾರೆ. ಈ ಚರ್ಚೆ ಬಂದಾಗೆಲ್ಲಾ ಅವರ ಹಕ್ಕು, ನಮ್ಮ ಸಂಸ್ಕೃತಿ ಅಂತ ಎರಡೇ ಕಡೆ ಮಾತಾಡ್ತಾರೆ, ಮಧ್ಯದಲ್ಲಿ ಸಿಕ್ಕಿಕೊಂಡ ನಮ್ಮಂಥವರ ಸುದ್ದಿ ಯಾರೂ ಎತ್ತಲ್ಲ, ನಂಗೆ ಬೇಜಾರಾಗೋದು ಅಲ್ಲೇ.

ಕಾನೂನು ಬಂದ ಮಾರನೇ ದಿನ ಅಪ್ಪ ಅಮ್ಮಂದಿರ ಮನಸ್ಸು ಬದಲಾಗುತ್ತೆ ಅಂತ ನಾನು ಹೇಳ್ತಿಲ್ಲ, ಆಗಲ್ಲ. ಆದ್ರೆ ಮನೇಲಿ ಕೂತು ಮಾತಾಡೋವಾಗ "ಇದು ಆಗೋ ಹೋಗೋ ಮಾತಲ್ಲ" ಅನ್ನೋ ವಾದ ನಡೆಯಲ್ಲ, ಯಾಕಂದ್ರೆ ಆಗಿದೆಯಲ್ಲ. ಅಮೆರಿಕದಲ್ಲಿ ಒಂದೊಂದೇ ರಾಜ್ಯ ಈ ಮದುವೆ ಒಪ್ಪಿಕೊಳ್ತಾ ಬಂದ ಕಾಲದಲ್ಲಿ ಹೈಸ್ಕೂಲ್ ಮಕ್ಕಳ ಬಗ್ಗೆ ಒಂದು ಅಧ್ಯಯನ ಮಾಡಿದ್ರು, 2017ರಲ್ಲಿ ಪ್ರಕಟ ಆಯ್ತು. ಒಪ್ಪಿದ ರಾಜ್ಯಗಳಲ್ಲಿ ಆತ್ಮಹತ್ಯೆಗೆ ಪ್ರಯತ್ನಪಡೋ ಮಕ್ಕಳ ಪ್ರಮಾಣ ಶೇ. 7ರಷ್ಟು ಕಡಿಮೆ ಆಗಿತ್ತು. ಹದಿನೈದು ಹದಿನಾರರ ಮಕ್ಕಳು, ಅವರೇನು ನಾಳೆ ಮದುವೆ ಆಗೋರಲ್ಲ. ಮುಂದೆ ನಂಗೂ ಒಂದು ಬದುಕಿದೆ ಅಂತ ಕಂಡಿದ್ದಕ್ಕೇ ಅಷ್ಟು ವ್ಯತ್ಯಾಸ ಆಗಿರಬೇಕು ಅಂತ ನನಗನ್ಸುತ್ತೆ. ಮಕ್ಕಳ ಗತಿ ಏನು ಅಂದ್ರಲ್ಲ, ನಾನು ಮೊದಲು ಹೇಳೋದು ಇದನ್ನೇ.

ಇನ್ನೊಂದು ವಿಷಯ, ಇದು ನಾನು ಕಣ್ಣಾರೆ ಕಂಡಿದ್ದು. ಡಿವೋರ್ಸ್ ಆಗಿ ಎಷ್ಟೋ ವರ್ಷ ಆದ್ಮೇಲೆ ಒಂದು ಸಂಜೆ ಆಸ್ಪತ್ರೆಯಿಂದ ನಂಗೆ ಫೋನ್ ಬಂತು, ನನ್ನ ಮಾಜಿ ಗಂಡನಿಗೆ ಆಕ್ಸಿಡೆಂಟ್ ಆಗಿ ತಲೆಗೆ ಪೆಟ್ಟು ಬಿದ್ದಿದೆ, ಪ್ರಜ್ಞೆ ಇಲ್ಲ, ಹಳೇ ಫೈಲಲ್ಲಿ ಹೆಂಡತಿ ಅಂತ ನಿಮ್ಮ ನಂಬರ್ ಇದೆ ಬನ್ನಿ ಅಂದ್ರು. ಹೋದೆ. ಐಸಿಯು ಬಾಗಿಲ ಹೊರಗೆ ಅವರ ಸಂಗಾತಿ ನಿಂತಿದ್ರು, ಒಂಬತ್ತು ವರ್ಷದಿಂದ ಒಂದೇ ಮನೇಲಿ ಇರೋರು, ಕೈಯಲ್ಲಿ ಒಂದು ಕಡೆ ಗಾಜು ಒಡೆದ ಕನ್ನಡಕ. ನೀವೇನಾಗಬೇಕು ಅಂತ ಕೇಳಿದ್ದಕ್ಕೆ ಫ್ರೆಂಡ್ ಅಂದಿದಾರೆ, ಬೇರೆ ಏನು ಹೇಳೋಕಾಗುತ್ತೆ, ಸಂಬಂಧಿಕರಿಗೆ ಮಾತ್ರ ಅಂತ ಹೊರಗೇ ನಿಲ್ಲಿಸಿದಾರೆ. ಅವರು ನನ್ನ ನೋಡಿ ಮೊದಲು ಅಂದಿದ್ದು "ಅವನಿಗೆ ಪೆನಿಸಿಲಿನ್ ಆಗಲ್ಲ, ಒಳಗೆ ಹೇಳಿ, ಪ್ಲೀಸ್" ಅಂತ. ನಂಗೆ ಅದು ಮರೆತೇ ಹೋಗಿತ್ತು! ನಾನು ಹೋಗಿ ನರ್ಸಿಗೆ ಹೇಳಿದೆ, ನಾನೀಗ ಹೆಂಡತಿ ಅಲ್ಲ ಅಂತಾನೂ ಹೇಳಿದೆ, ಆಮೇಲೆ ಆಪರೇಷನ್ ಒಪ್ಪಿಗೆ ಪತ್ರಕ್ಕೆ ಸಹಿ ಮಾಡೋಕೆ ಅವರ ಅಣ್ಣ ಬರಲಿ ಅಂತ ಐದು ಗಂಟೆ ಕಾದ್ವಿ. ಆ ಅಣ್ಣ ತಮ್ಮನ ಜೊತೆ ಮಾತು ಬಿಟ್ಟೇ ಆರು ವರ್ಷ ಆಗಿತ್ತು. ಫಾರ್ಮಲ್ಲಿ "ಸಂಬಂಧ" ಅಂತ ಒಂದು ಕಾಲಂ ಇರುತ್ತಲ್ಲ, ಅಲ್ಲಿ ಬರೆಯೋಕೆ ಅಣ್ಣನಿಗೆ ಒಂದು ಪದ ಇತ್ತು, ಸಂಗಾತಿಗೆ ಇರ್ಲಿಲ್ಲ.

ಆಸ್ಪತ್ರೆಯವರನ್ನ ಬೈಯೋಕೆ ಇದನ್ನ ಹೇಳ್ತಿಲ್ಲ, ಅವರು ನಿಯಮ ನೋಡಿದ್ರು. ಅಮೆರಿಕದ ಜಿಮ್ ಓಬರ್ಗೆಫೆಲ್ ಕೇಸಿನಲ್ಲೂ ಜಗಳ ಒಂದು ಕಾಲಂಗೇ. ಅವರ ಸಂಗಾತಿ ಜಾನ್ ಆರ್ಥರ್‌ಗೆ ಎಎಲ್‌ಎಸ್, ಅಂದ್ರೆ ದೇಹದ ಸ್ನಾಯುಗಳು ಒಂದೊಂದಾಗಿ ಸೋಲೋ ಕಾಯಿಲೆ. ಅವರಿದ್ದ ಒಹಾಯೊ ರಾಜ್ಯ ಈ ಮದುವೆ ಒಪ್ತಿರ್ಲಿಲ್ಲ, ಅದಕ್ಕೆ 2013ರ ಜುಲೈನಲ್ಲಿ ವೈದ್ಯಕೀಯ ವಿಮಾನದಲ್ಲಿ ಮಲಗಿಸಿಕೊಂಡು ಮೇರಿಲ್ಯಾಂಡ್‌ಗೆ ಹಾರಿ, ವಿಮಾನ ನಿಲ್ದಾಣದಲ್ಲಿ, ಆ ವಿಮಾನದೊಳಗೇ ಮದುವೆ ಆಗಿ ವಾಪಸ್ ಬಂದ್ರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಜಾನ್ ತೀರಿಕೊಂಡ್ರು. ಮರಣ ಪ್ರಮಾಣಪತ್ರದಲ್ಲಿ ಸಂಗಾತಿ ಅಂತ ತನ್ನ ಹೆಸರು ಇರಬೇಕು ಅನ್ನೋದೇ ಜಿಮ್ ಹೋರಾಟ, ಅದು ಸುಪ್ರೀಂ ಕೋರ್ಟ್ ತನಕ ಹೋಗಿ 2015ರ ಜೂನ್ 26ಕ್ಕೆ 5-4 ಬಹುಮತದಲ್ಲಿ ಜಿಮ್ ಪರ ತೀರ್ಪು ಬಂದು, ಈ ಮದುವೆ ಹಕ್ಕು ಇಡೀ ದೇಶಕ್ಕೆ ಅನ್ವಯ ಆಯ್ತು. ಹಾಗೇ ಅಮೆರಿಕದವರೇ ಆದ ಈಡಿ ವಿಂಡ್ಸರ್ ಅನ್ನೋ ಮುದುಕಿ, ನಲವತ್ತು ವರ್ಷಕ್ಕೂ ಮೀರಿ ಜೊತೆಗಿದ್ದ ಸಂಗಾತಿ 2009ರಲ್ಲಿ ಸತ್ತಾಗ 3,63,053 ಡಾಲರ್ ಉತ್ತರಾಧಿಕಾರದ ತೆರಿಗೆ ಕಟ್ಟಬೇಕಾಯ್ತು, ಸತ್ತಿದ್ದು ಗಂಡ ಆಗಿದ್ರೆ ಒಂದು ಪೈಸೆನೂ ಕಟ್ಟೋ ಹಾಗಿರ್ಲಿಲ್ಲ. ಆ ತೆರಿಗೆ ವಿರುದ್ಧ ಕೋರ್ಟಿಗೆ ಹೋಗಿ 2013ರಲ್ಲಿ ಕೇಸ್ ಗೆದ್ರು.

ಇನ್ನು ನಿಮ್ಮ ಮದುವೆಗೆ ಏನಾಗುತ್ತೆ ಅಂದ್ರೆ, ಏನೂ ಆಗಲ್ಲ. ನೆದರ್ಲೆಂಡ್ಸ್‌ನಲ್ಲಿ 2001ರ ಏಪ್ರಿಲ್ 1ರ ಮಧ್ಯರಾತ್ರಿ ಆಮ್‌ಸ್ಟರ್‌ಡ್ಯಾಮ್‌ನ ಮೇಯರ್ ನಾಲ್ಕು ಜೋಡಿಗಳ ಮದುವೆ ಮಾಡಿಸಿದ್ರು, ಪ್ರಪಂಚದಲ್ಲೇ ಮೊದಲು. ಆಮೇಲೆ 35ಕ್ಕೂ ಹೆಚ್ಚು ದೇಶ ಒಪ್ಪಿವೆ, ಏಷ್ಯಾದಲ್ಲಿ 2019ರಲ್ಲಿ ತೈವಾನ್, 2025ರ ಜನವರಿಯಲ್ಲಿ ಥಾಯ್ಲೆಂಡ್. ಥಾಯ್ಲೆಂಡ್‌ನಲ್ಲಿ ಕಾನೂನಿನ ಪುಸ್ತಕದಲ್ಲಿ ಗಂಡ ಹೆಂಡತಿ ಅಂತ ಇದ್ದ ಕಡೆ ಇಬ್ಬರಿಗೂ ಹೊಂದೋ ಹಾಗೆ ಸಂಗಾತಿ ಅಂತ ಮಾಡಿದ್ರು. ಅಲ್ಲೆಲ್ಲಾ ಗಂಡು ಹೆಣ್ಣಿನ ಮದುವೆ ಹಿಂದೆ ಹೇಗಿತ್ತೋ ಹಾಗೇ ನಡೀತಿದೆ. ಧರ್ಮದ ವಿಷಯ ಕೇಳ್ತೀರ ಅಂತ ಗೊತ್ತು, ಇದು ರಿಜಿಸ್ಟ್ರಾರ್ ಮುಂದೆ ಸಹಿ ಮಾಡೋ ಮದುವೆ, ಅಮೆರಿಕದಲ್ಲಿ ತೀರ್ಪು ಬಂದ ಮೇಲೂ ಒಲ್ಲೆ ಅನ್ನೋ ಚರ್ಚಿಗೆ ಮದುವೆ ಮಾಡಿಸು ಅಂತ ಬಲವಂತ ಮಾಡಿಲ್ಲ. ಇದನ್ನ ನೋಡಿ ಮಕ್ಕಳು ಹಾಗಾಗಿಬಿಡ್ತಾರೆ ಅನ್ನೋದು ಸುಳ್ಳು, ನೋಡಿ ಬದಲಾಗೋ ಹಾಗಿದ್ರೆ ಸುತ್ತ ಬರೀ ಗಂಡು ಹೆಣ್ಣಿನ ಮದುವೆನೇ ನೋಡಿ ಬೆಳೆದ ನನ್ನ ಮೊದಲ ಗಂಡ ಬದಲಾಗಬೇಕಿತ್ತು.

ಅವರು ಹುಷಾರಾದ್ರು. ನಂಗೆ ಬೇರೆ ಮದುವೆ ಆಗಿದೆ, ಮಗಳಿದಾಳೆ, ಅವರಿಬ್ಬರೂ ಅವಳ ಹುಟ್ಟಿದಹಬ್ಬಕ್ಕೆ ಬರ್ತಾರೆ. ಹೋದ ಸಲ ಬಂದಾಗ ಅವರ ಸಂಗಾತಿ ಬ್ಯಾಗಿಂದ ಒಂದು ದಪ್ಪ ಪ್ಲಾಸ್ಟಿಕ್ ಫೈಲ್ ತೆಗೆದು ಮೇಜಿನ ಮೇಲಿಟ್ರು, ವಕೀಲರ ಹತ್ರ ಮಾಡಿಸಿದ ವಿಲ್, ಪವರ್ ಆಫ್ ಅಟಾರ್ನಿ, ಜಾಯಿಂಟ್ ಅಕೌಂಟ್ ಕಾಗದ, ಆಸ್ಪತ್ರೆಗೆ ಅಂತ ಒಂದು ಅಫಿಡವಿಟ್, ಎಲ್ಲಾ ಎರಡೆರಡು ಪ್ರತಿ. ಎಲ್ಲಿಗೆ ಹೋದ್ರೂ ಅದು ಜೊತೇಲೇ ಇರುತ್ತಂತೆ. ಪವರ್ ಆಫ್ ಅಟಾರ್ನಿ ಕೊಟ್ಟವರು ಸತ್ತ ಕ್ಷಣವೇ ಅದು ರದ್ದಾಗುತ್ತೆ, ಅದಕ್ಕೆ ವಿಲ್ ಬೇರೆ ಮಾಡಿಸಿದೀವಿ, ಅದನ್ನೂ ಅಣ್ಣ ಕೋರ್ಟಲ್ಲಿ ಪ್ರಶ್ನೆ ಮಾಡಬಹುದು ಅಂದ್ರು ವಕೀಲರು ಅಂತ ಒಂದೊಂದೇ ಹಾಳೆ ತಿರುವಿ ತೋರಿಸಿದ್ರು. ನನ್ನ ಎರಡನೇ ಮದುವೆ ರಿಜಿಸ್ಟರ್ ಆಗಿದ್ದು ಅರ್ಧ ಗಂಟೇಲಿ, ಸಿಕ್ಕಿದ್ದು ಒಂದೇ ಹಾಳೆ, ಅದು ಮನೇಲಿ ಎಲ್ಲಿದೆ ಅಂತಾನೂ ನಂಗೆ ನೆನಪಿಲ್ಲ.